ಶಾಫ್ಟಿನಿಂದ ಕರೆದ ದನಿ

ಕದಿರಮ್ಮ ಸಿಕ್ಕಿದ್ದು ಚಾಂಪಿಯನ್ ರೀಫ್ಸ್‌ನ ಮುಚ್ಚಿಹೋದ ಚಿನ್ನದ ಗಣಿಗೆ ಇಳಿಯುವ ಹಳೇ ಶಾಫ್ಟಿನ ಬೇಲಿಯ ಒಳಗೆ. ಕಂಕುಳಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಊಟದ ಕ್ಯಾರಿಯರ್. ಇನ್ನೊಂದು ಚೂರು ಮುಂದೆ ಹೋಗಿದ್ದರೆ ಮುರಿದ ಹಲಗೆ, ಅದರ ಕೆಳಗೆ ಕಗ್ಗತ್ತಲು. ಮುಸ್ಸಂಜೆಯಲ್ಲಿ ಆಟೊ ತಿರುಗಿಸುತ್ತಿದ್ದ ಸೆಲ್ವರಾಜ್ ಕದಿರಮ್ಮನನ್ನು ಕಂಡು ಬೇಲಿ ನುಸುಳಿ ಓಡಿದ. ದೆವ್ವ ಎಂದರೆ ಸಾಕು, ಮೈಯೆಲ್ಲ ಬೆವರುವ ಆಸಾಮಿ. ಆ ಹೊತ್ತು ಮಾತ್ರ ಎಲ್ಲವನ್ನೂ ಮರೆತು ಕದಿರಮ್ಮನ ರಟ್ಟೆ ಹಿಡಿದು ಎಳೆದುಕೊಂಡ.

"ಎಲ್ಲಿಗಮ್ಮಾ ಓಗ್ತಿದ್ದೆ?"

"ನಮ್ಮನೆಯವ್ರು ಕರೀತಾವ್ರೆ ಕಣಪ್ಪ. ನನ್ನ ಹತ್ರ ಬಾ ಅಂದ್ರು."

ಕದಿರಮ್ಮನ ಗಂಡ ಮುನಿನಾರಾಯಣಪ್ಪ ಅದೇ ಶಾಫ್ಟಿನೊಳಗೆ ಬಂಡೆ ಕುಸಿದು ಸತ್ತು ಎಷ್ಟೋ ವರ್ಷವಾಗಿತ್ತು. ಹೆಣ ಮೇಲೆ ಬಂದೇ ಇರಲಿಲ್ಲ. ಸೆಲ್ವರಾಜ್ ಹಿಂದೆ ಮುಂದೆ ನೋಡದೆ ಕದಿರಮ್ಮನನ್ನು ಕೂರಿಸಿಕೊಂಡು ಆಟೊವನ್ನು ರಾಬರ್ಟ್‌ಸನ್‌ಪೇಟೆಯ ಶ್ಯಾಮಲ ಟೀಚರ್ ಮನೆಗೆ ಓಡಿಸಿದ.

ಶ್ಯಾಮಲ ಟೀಚರ್ ನಿವೃತ್ತರಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಎಐ ಸಹಾಯಕನಿಗೆ ಹೇಗೆ ಹೇಳಿದರೆ ಕೆಲಸವಾಗುತ್ತದೆ ಎಂದು ಊರಿನವರಿಗೆ ಕಲಿಸುತ್ತಿದ್ದರು. ಊರಿನ ಬಗೆಹರಿಯದ ತಂಟೆಗಳೂ ಅವರ ಬಾಗಿಲಿಗೇ ಬರುತ್ತಿದ್ದವು. ಅಂಥಾಗ ಅವರ ಬಲಗೈ ಸೆಲ್ವರಾಜನೇ, ಧೈರ್ಯ ಬೇಕಾದ ಕಡೆ ಒಂದು ಬಿಟ್ಟು.

ಕದಿರಮ್ಮ ಫೋನ್ ತೆಗೆದು ಪರದೆಯ ಮೇಲಿನ ಒಂದು ಚಿತ್ರ ಒತ್ತಿದರು. ಗಂಡು ದನಿಯೊಂದು ನಿಧಾನವಾಗಿ ಹೇಳಿತು: "ಬಂದೆಯಾ? ಇಲ್ಲಿ ತುಂಬಾ ಕತ್ತಲು. ಆ ಮನೆ ಬಿಟ್ಟು ಬಾ. ನಿನಗಾಗಿ ಕಾಯುತ್ತಿದ್ದೇನೆ."

ಸೆಲ್ವರಾಜ್ ಹೊಸ್ತಿಲಿಗೆ ಸರಿದ.

"ಇದು ನಿಮ್ಮ ಯಜಮಾನರ ದನಿಯೇನಮ್ಮಾ?" ಟೀಚರ್ ಕೇಳಿದರು.

"ಅಲ್ಲ. ಆದ್ರೆ ಇಷ್ಟು ಕಾಲ ಮಣ್ಣೊಳಗಿದ್ರೆ ಗಂಟ್ಲು ಬದ್ಲಾಗಲ್ವಾ ಟೀಚರಮ್ಮ?"

ಟೀಚರ್ ಫೋನನ್ನು ಕೈಗೆ ತೆಗೆದುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಇದು ಎಐ. ನೀನು ಮುನಿನಾರಾಯಣಪ್ಪ, ಹೀಗೆ ಮಾತಾಡು ಅಂತ ಯಾರೋ ಇದಕ್ಕೆ ಸೂಚನೆ ಬರೆದಿದ್ದಾರೆ. ಆ ಸೂಚನೆ ಬರೆದವರ ಹತ್ತಿರವೇ ಇರುತ್ತೆ, ನಮಗೆ ಕಾಣಲ್ಲ. ಈ ಫೋನ್ ಯಾರ್ಯಾರ ಕೈಗೆ ಹೋಗಿತ್ತು?"

ಮೂವರ ಕೈಗೆ. ಮಾರಿದವನು ಮೊಬೈಲ್ ಅಂಗಡಿಯ ಸುಧಾಕರ್. ತಂದುಕೊಟ್ಟವನು ಮೈದುನ ಚಲಪತಿ. ಅಣ್ಣನ ಜೊತೆ ಅದೇ ಶಾಫ್ಟಿನಲ್ಲಿ ದುಡಿದವನು, ಈಗ ಅತ್ತಿಗೆಯ ಮನೆಯ ಜಾಗದಲ್ಲಿ ಹಸು ಕಟ್ಟಲು ಹವಣಿಸುತ್ತಿದ್ದವನು. ಮೂರನೆಯವಳು ಬಂಗಾರಪೇಟೆಗೆ ಮದುವೆಯಾಗಿ ಹೋದ ಒಬ್ಬಳೇ ಮಗಳು ಸುಮಿತಾ. ಸೆಲ್ವರಾಜ್ ಮನಸ್ಸಿನಲ್ಲೇ ಚಲಪತಿಗೆ ಬೇಡಿ ತೊಡಿಸಿಬಿಟ್ಟ.

ಮರುದಿನ ಟೀಚರ್ ಒಂದು ವಿಚಿತ್ರ ಕೆಲಸ ಮಾಡಿದರು. ಕದಿರಮ್ಮನಿಂದ ಆ ದನಿಗೆ ಕೆಲವು ಪ್ರಶ್ನೆ ಕೇಳಿಸಿದರು. ಮಾತು ಮುಗಿಸಿ, ಹೊಸದಾಗಿ ಶುರುಮಾಡಿ, ಅವೇ ಪ್ರಶ್ನೆ ಮತ್ತೆ ಮತ್ತೆ ಕೇಳಿಸಿದರು. ಧಾರೆ ಸೀರೆಯ ಬಣ್ಣ ಒಮ್ಮೆ ಕೆಂಪೆಂದಿತು, ಒಮ್ಮೆ ಹಸಿರೆಂದಿತು. ಗಣಿಯೊಳಗಿನ ಜೊತೆಗಾರನ ಹೆಸರು ಪ್ರತಿ ಸಲವೂ ಬೇರೆ. ಆದರೆ ಪಾಳಿಗೆ ಹೊರಡುವ ಮುಂಚೆ ಏನು ಮಾಡುತ್ತಿದ್ದೆ ಎಂದರೆ ಯಾವಾಗಲೂ ಒಂದೇ ಉತ್ತರ: "ರಾಗಿ ಅಂಬಲಿ ಕುಡಿದು, ಮಲಗಿದ್ದ ಮಗಳ ಕಾಲ್ಬೆರಳು ಮುಟ್ಟಿ ಹೋಗುತ್ತಿದ್ದೆ."

"ಬೆರಳು ಮುಟ್ತಿದ್ರಾ?" ಕದಿರಮ್ಮನ ಕಣ್ಣು ತುಂಬಿತು. "ನಂಗೇ ಗೊತ್ತಿಲ್ವಲ್ಲ. ಆಗ ನಾನು ಒಲೆ ಮುಂದೆ ಇರ್ತಿದ್ದೆ."

ಭಾನುವಾರ ಬೆಳಿಗ್ಗೆ ಎಲ್ಲರೂ ಕದಿರಮ್ಮನ ಮನೆಯಲ್ಲಿ ಸೇರಿದರು. ಹಿಂದಿನ ಗೋಡೆ ಬಿರುಕು ಬಿಟ್ಟು ಹೊರಗಿನ ಬೆಳಕು ಒಳಗೆ ಬೀಳುತ್ತಿತ್ತು.

"ಅತ್ತಿಗೆ ಮನೇನ ನಾನು ಕೇಳಿದ್ದು ನಿಜ. ಅಂಗಂತ ಸತ್ತ ಅಣ್ಣನ್ನ ಮಾತಾಡ್ಸೋಕೆ ನಾನೇನು ಚಂಡಾಲನಾ?" ಚಲಪತಿ ರೇಗಿದ.

"ನೀವಲ್ಲ," ಎಂದರು ಟೀಚರ್. "ಹೇಳಿಕೊಟ್ಟಿದ್ದನ್ನು ಈ ಯಂತ್ರ ಪ್ರತಿ ಸಲ ಒಂದೇ ಥರ ಹೇಳುತ್ತೆ. ಹೇಳಿಕೊಡದ್ದನ್ನು ಕೇಳಿದರೆ ಆ ಹೊತ್ತಿಗೆ ತೋಚಿದ್ದನ್ನು ಕಟ್ಟಿ ಹೇಳುತ್ತೆ. ನೀವು ಬರೆದಿದ್ದರೆ ಜೊತೆಗಾರನ ಹೆಸರು ತಪ್ಪುತ್ತಿರಲಿಲ್ಲ. ಸುಧಾಕರ್‌ಗೆ ಈ ಮನೆಯ ಒಳಗಿನದ್ದು ಯಾವುದೂ ಗೊತ್ತಿಲ್ಲ. ಬರೆದವರಿಗೆ ಮದುವೆ ಗೊತ್ತಿಲ್ಲ, ಗಣಿ ಗೊತ್ತಿಲ್ಲ, ಅಂಬಲಿ ಗೊತ್ತು. ಹೆಂಡತಿಗೂ ತಿಳಿಯದೆ ಮುಟ್ಟಿದ ಬೆರಳು ಗೊತ್ತು. ಅದು ನಿದ್ದೆ ಬಂದವಳ ಹಾಗೆ ಮಲಗಿದ್ದ ಮಗಳಿಗೆ ಮಾತ್ರ ಗೊತ್ತಿರೋಕೆ ಸಾಧ್ಯ. ಅಲ್ವೇನಮ್ಮಾ ಸುಮಿತಾ?"

ಸುಮಿತಾ ಬಿರುಕು ಬಿಟ್ಟ ಗೋಡೆಯತ್ತ ಕೈ ತೋರಿದಳು. "ಗೋಡೆ ಬೀಳ್ತದೆ ಅಂತ ಭಯ ಟೀಚರ್. ನಾನು ಎಷ್ಟು ಹೇಳಿದ್ರೂ ಅಮ್ಮ ಮನೆ ಬಿಡ್ಲಿಲ್ಲ. ಅಪ್ಪ ಹೇಳಿದ್ರೆ ಕೇಳ್ತಾಳೆ ಅಂದ್ಕೊಂಡೆ. ಶಾಫ್ಟಿಗೆ ಕರಿ ಅಂತ ನಾನು ಬರೀಲಿಲ್ಲ. ದೇವ್ರಾಣೆಗೂ ಬರೀಲಿಲ್ಲ!"

"ಏನು ಬರೆದೆ, ಓದು."

ಅವಳು ತನ್ನ ಫೋನ್ ನೋಡಿ ಓದಿದಳು: "ನೀನು ಗಣಿಯೊಳಗೆ ಸತ್ತ ನನ್ನ ಅಪ್ಪ. ಆ ಮನೆ ಬಿಟ್ಟು ಬರುವಂತೆ ಅಮ್ಮನನ್ನು ಪ್ರೀತಿಯಿಂದ ಒಪ್ಪಿಸು." ಅದರ ಮುಂದೆ ಅಂಬಲಿಯ ಮಾತು, ಬೆರಳಿನ ಮಾತು. ಅಷ್ಟೇ.

"ಎಲ್ಲಿಗೆ ಬರಬೇಕು ಅಂತ ಬರೆಯಲಿಲ್ಲ," ಟೀಚರ್ ನಿಟ್ಟುಸಿರಿಟ್ಟರು. "ಬಿಟ್ಟ ಜಾಗವನ್ನು ಅದೇ ತುಂಬಿಕೊಂಡಿದೆ. ಗಣಿಯಲ್ಲಿರೋ ಗಂಡ ಇನ್ನೆಲ್ಲಿಗೆ ಕರೆದಾನು?"

ದೆವ್ವವೇ ಆಗಿದ್ದರೆ ಎಷ್ಟೋ ವಾಸಿ ಎಂದುಕೊಂಡ ಸೆಲ್ವರಾಜ್.

ಕದಿರಮ್ಮ ಮಗಳ ಹತ್ತಿರ ಬಂದು ಕೂತರು. ಸಿಟ್ಟಿರಲಿಲ್ಲ.

"ಎಲ್ಲಿಗೆ ಅಂತ ಆ ಮಿಷನ್ಗೆ ಮಾತ್ರ ಅಲ್ಲ ಕಣೆ, ನಂಗೂ ನೀನು ಹೇಳ್ಲಿಲ್ಲ. ಮನೆ ಬಿಡು, ಮನೆ ಬಿಡು ಅಂದೆ. ನಮ್ಮನೆಗೆ ಬಾ ಅಂತ ಒಂದು ದಿನಾನೂ ಅನ್ಲಿಲ್ಲ. ನಿಮ್ಮತ್ತೆ ಏನಂತಾರೋ ಅಂತ ನಾನೂ ಕೇಳ್ಲಿಲ್ಲ. ಬಾ ಅಂತ ಕರೆದೋರು ಅವ್ರೊಬ್ರೇ. ಅದ್ಕೇ ಗಂಟು ಕಟ್ಕಂಡು ಹೊಂಟೆ."

ಸುಮಿತಾ ತಾಯಿಯ ಮಡಿಲಿಗೆ ಮುಖ ಒತ್ತಿದಳು. "ನಮ್ಮನೆಗೆ ಬಾಮ್ಮಾ. ಅತ್ತೆ ಏನಾದ್ರೂ ಅನ್ಲಿ, ನಮ್ಮನೆಗೆ ಬಾ."

ಕದಿರಮ್ಮ ಬಹಳ ಹೊತ್ತು ಅವಳ ತಲೆ ಸವರಿದರು. ಆಮೇಲೆ ಎದ್ದು ಫೋನನ್ನು ಟೀಚರ್ ಕೈಗಿಟ್ಟರು.

"ಅದು ಅವ್ರಲ್ಲ ಅಂತ ಗೊತ್ತಾಯ್ತು ಟೀಚರಮ್ಮ. ಆದ್ರೂ ಅಳಿಸೋಕೆ ಮುಂಚೆ ಒಂದು ಮಾತು ಹೇಳ್ಬಿಡಿ. ಕಾಯ್ಬ್ಯಾಡಿ, ಕದಿರಮ್ಮ ಮಗಳ ಮನೆಗೆ ಓಗ್ತಾವ್ಳೆ ಅಂತ."