ನಲ್ಲ ಇರಂಗಿಲ್ಲ

ಏಳು ಕೋಟೆಗಳ ಆಚೆಗೆ ಒಬ್ಬ ರಾಜಕುಮಾರಿ ಇದ್ದಳಂತೆ. ಸಿಟ್ಟು ಅವಳ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತಂತೆ. "ನಾನು ಕೇಳಿದ್ದಕ್ಕೆ ಖರೆ ಉತ್ತರ ತಂದವನಿಗಷ್ಟೇ ಈ ಬಾಗಿಲು ತೆರೆಯುತ್ತದೆ" ಎಂದು ಅವಳು ಪಣ ತೊಟ್ಟಿದ್ದಳಂತೆ.

ಅಜ್ಜಿ ಹೇಳುವಾಗ ಆ ಪ್ರಶ್ನೆ ಹಾವಿನ ಹೆಡೆಯ ಮಣಿಯ ಬಗ್ಗೆ ಇರುತ್ತಿತ್ತು. ನಮ್ಮ ಮಂದಾರಳ ಪ್ರಶ್ನೆ ಮಾತ್ರ... ಮೂತ್ರದ ಪೈಪಿನ ಬಗ್ಗೆ!

ನಗಬೇಡಿ. ನಕ್ಕವನ ಗತಿ ಏನಾಯಿತೆಂದು ಮುಂದೆ ನೋಡಿ.

ಅಂದು ತೆಲುಗು ನಾಡಿನ ಕೊಂಡಾಪುರದ ಆಸ್ಪತ್ರೆಯ ಸಭಾಂಗಣದಲ್ಲಿ ತೂಕ ಇಳಿಸುವ ಆಪರೇಷನ್‌ಗೆ ಹೆಸರು ಕೊಟ್ಟವರೆಲ್ಲ ಸೇರಿದ್ದರು. ಮಂದಾರ ಎದ್ದು ನಿಂತು, ಕೆನ್ನೆ ಕೆಂಪಾಗಿದ್ದರೂ ದನಿ ಗಟ್ಟಿ ಮಾಡಿಕೊಂಡು ಕೇಳಿಯೇಬಿಟ್ಟಳು. ಆಪರೇಷನ್ ಹೊತ್ತಿಗೆ ಮೂತ್ರಕ್ಕೆ ಪೈಪ್ ಹಾಕುತ್ತೀರಾ?

ಡಾಕ್ಟರ್ ವಿಜಯಕುಮಾರ ತೆಲುಗು, ಇಂಗ್ಲಿಷ್ ಬೆರೆಸಿ ಸಮಾಧಾನದಿಂದ ವಿವರಿಸಿದರು. ಎಲ್ಲರಿಗೂ ಹಾಕುವುದಿಲ್ಲ. ಆಪರೇಷನ್ ಬೇಗ ಮುಗಿದರೆ ಬಹುಶಃ ಬೇಕಾಗುವುದೇ ಇಲ್ಲ. ಹೊತ್ತು ಹಿಡಿದರೆ ಹಾಕಬೇಕಾಗಬಹುದು. ಅದನ್ನೂ ಅರಿವಳಿಕೆ ಕೊಟ್ಟ ಮೇಲೆ ಹಾಕುವುದರಿಂದ ಹಾಕಿದ್ದು ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಮರುದಿನದೊಳಗೆ ತೆಗೆದುಬಿಡುತ್ತಾರೆ.

ಮಂದಾರ ಧೊಪ್ಪನೆ ಕೂತಳು. "ಹಾಕತಾರೋ ಇಲ್ಲೋ, ಒಂದು ಮಾತು ಹೇಳಾಕ ಇವರ ಗಂಟೇನು ಹೋಗತೈತಿ!" ಎಂದು ಕನ್ನಡದಲ್ಲಿ ಗೊಣಗಿದಳು. ಇಲ್ಲಿ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯ!

ಹಿಂದಿನ ಸಾಲಿನಿಂದ ಕಿಸಕ್ಕನೆ ನಗು ಬಂತು.

"ಹೊಟ್ಟಿ ಕತ್ತರಿಸ್ಕೊಳಾಕ ತಯಾರ್ ಇದ್ದೀರಿ... ಒಂದು ಪೈಪಿಗೆ ಇಷ್ಟು ಪರೇಶಾನಿ ಏನ್ರಿ?"

ಮಂದಾರ ತಿರುಗಿದಳು. ತೆಳ್ಳಗಿನ ಮುಖ, ಒಂದು ಅಳತೆ ದೊಡ್ಡದಾದ ಅಂಗಿ. ಕಣ್ಣಿನಲ್ಲಿ ಇನ್ನೂ ಆರದ ನಗು.

"ನಗ್ರಿ, ನಗ್ರಿ! ನಿಮ್ಮ ಹಾಸಿಗಿ ಮಗ್ಗಲಕ್ಕ ಆ ಚೀಲ ತೂಗ್ಹಾಕಿ, ಬಂದವರಿಗೆಲ್ಲ ತೋರಿಸಿದ್ರ ಗೊತ್ತಾಗತಿತ್ತು!"

ಅವನ ನಗು ನಿಂತಿತು.

ಅವಳು ಅಷ್ಟು ಸಿಡಿದದ್ದೇಕೆಂದು ಅವನಿಗೇನು ಗೊತ್ತು? ಮುದ್ದೇಬಿಹಾಳದಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾಗ, ನೋಡಲು ಬಂದವರೆಲ್ಲ ಮುಖಕ್ಕಿಂತ ಮೊದಲು ಆ ಚೀಲ ನೋಡುತ್ತಿದ್ದರು. ಅಷ್ಟು ಕಥೆ ಹೇಳಿದ ಅಜ್ಜಿ ಕೊನೆಗೆ ಯಾರ ಕಡೆಯೂ ತಿರುಗದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು...

ಹೊರಗೆ ಬಂದಾಗ ಅವನು ಕಾದು ನಿಂತಿದ್ದ. ಹೆಸರು ಸುಶಾಂತ. ಲಿಂಗಂಪಲ್ಲಿಯವನು. ಅಜ್ಜನ ಕಾಲಕ್ಕೇ ಕಲಬುರಗಿಯಿಂದ ಬಂದ ಮನೆತನ. ಹೋದ ವರ್ಷ ಇದೇ ಆಪರೇಷನ್ ಮಾಡಿಸಿಕೊಂಡಿದ್ದ. ಹೊಸಬರಿಗೆ ಧೈರ್ಯ ಹೇಳಲೆಂದು ಡಾಕ್ಟರೇ ಅವನನ್ನು ಕರೆಸುತ್ತಿದ್ದರು.

"ಮಾಫ್ ಮಾಡ್ರಿ. ನಕ್ಕಿದ್ದು ತಪ್ಪಾತು."

"ಧೈರ್ಯ ಹೇಳಾಕ ಬಂದವರು ಹಿಂಗ ನಗತಾರೇನು?"

"ನಿಮ್ಮ ಪ್ರಶ್ನೆಗೆ ಖರೆ ಉತ್ತರ ನಾ ತಂದು ಕೊಡತೀನಿ. ಆತಿಲ್ಲೊ?"

ಖರೆ ಉತ್ತರ! ಮಂದಾರಳ ಎದೆ ಯಾಕೋ ಒಮ್ಮೆ ಹಾರಿತು. ಆದರೂ ಮುಖ ಬಿಗಿದುಕೊಂಡೇ ನಡೆದಳು.

ಆಪರೇಷನ್‌ಗೆ ಮೊದಲು ದಿನಾ ನಡೆಯಬೇಕೆಂದು ಡಾಕ್ಟರ್ ಹೇಳಿದ್ದರು. ಮಿಯಾಪುರದಲ್ಲಿ ಮಂದಾರ ಇದ್ದ ಅಪಾರ್ಟ್‌ಮೆಂಟಿನ ಸುತ್ತ ಸುಶಾಂತನೂ ಜೊತೆಗೆ ನಡೆಯತೊಡಗಿದ. ಅವಳು ಸಿಟ್ಟಾಗುತ್ತಿದ್ದಳು, ಅವನು ನಗಿಸುತ್ತಿದ್ದ.

"ಆ ಹಾಳಾದ್ದರ ಹೆಸರು ನನ್ನ ಮುಂದ ತಗೀಬ್ಯಾಡ್ರಿ!" ಎಂದು ಅವಳು ತಾಕೀತು ಮಾಡಿದ್ದಳು. ಹಾಗಾಗಿ ಅವನು ಪೈಪ್ ಎನ್ನುವುದನ್ನೇ ಬಿಟ್ಟ.

ಆಪರೇಷನ್‌ನ ಹಿಂದಿನ ದಿನ ಮಂದಾರ ಆಸ್ಪತ್ರೆಗೆ ಸೇರಿದಳು. ಭಯ ತಡೆಯದೆ ಅವನಿಗೊಂದು ಮೆಸೇಜ್ ಕಳಿಸಿದಳು.

"ಎರಡು ಮಾತು ಕೇಳತೀನಿ. ಅದು ಇರತೈತೋ ಇಲ್ಲೋ? ಮತ್ತ... ನಾ ಕಣ್ಣು ತೆರೆದಾಗ ನೀವು ಇರತೀರೋ ಇಲ್ಲೋ?"

ಎರಡನೆಯದನ್ನು ಎರಡು ಸಲ ಅಳಿಸಿ ಬರೆದಿದ್ದಳು. ಎಲ್ಲವೂ ಅದರಲ್ಲೇ ಇತ್ತಲ್ಲ!

ಉತ್ತರ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದೇ ಸಾಲಿನ ಕನ್ನಡ.

'ನಲ್ಲ ಇರಂಗಿಲ್ಲ. ಚಿಂತಿ ಬಿಡ್ರಿ.'

ಮಂದಾರ ಮತ್ತೆ ಮತ್ತೆ ಓದಿದಳು. ನಲ್ಲ... ಅಜ್ಜಿಯ ಕಥೆಗಳಲ್ಲಿ ಹೊಳೆ ಈಜಿ, ಬೆಂಕಿ ದಾಟಿ ಬರುತ್ತಿದ್ದವನೇ ನಲ್ಲ. ತನ್ನ ಮನಸ್ಸು ಇವನಿಗೆ ತಿಳಿದಿದೆ. ತಿಳಿದೂ ಹೀಗೆ ಚೇಷ್ಟೆ ಮಾಡಿದ್ದಾನೆ! ನಿನ್ನ ನಲ್ಲ ಬರುವುದಿಲ್ಲ, ಚಿಂತೆ ಬಿಡು ಎನ್ನುತ್ತಾನೆ!

ಫೋನ್ ಆಫ್ ಮಾಡಿ ದಿಂಬಿನಡಿ ತುರುಕಿದಳು.

"ಮೌಶಿ, ಆ ಮನುಷ್ಯ ಬಂದ್ರ ಒಳಗ ಬಿಡಬ್ಯಾಡ!"

ಜೊತೆಗಿದ್ದ ತಾಯಿಯ ತಂಗಿ ಪ್ರಿಯಂವದಾ ಕಣ್ಣರಳಿಸಿದಳು. "ಯಾ ಮನುಷ್ಯನ್ನ? ಆ ಲಿಂಗಂಪಲ್ಲಿ ಸುಶಾಂತನ್ನ? ನಿನ್ನೆ ತನಕ ಅವನ ಹೆಸರಿನ ಜಪ ನಡದಿತ್ತಲ್ಲಽ!"

"ಬಿಡಬ್ಯಾಡ ಅಂದ್ರ ಬಿಡಬ್ಯಾಡ!"

ಮರುದಿನ ಎಚ್ಚರವಾದಾಗ ಹೊಟ್ಟೆಯಲ್ಲಿ ನೋವು, ಬಾಯಲ್ಲಿ ಬರಗಾಲ. ಮಂಚದ ಪಕ್ಕದಲ್ಲಿ... ಚೀಲ!

ಹಳೆಯ ಆಪರೇಷನ್ ಒಂದರಿಂದ ಕರುಳು ಅಂಟಿಕೊಂಡಿತ್ತು, ಬಿಡಿಸಲು ಹೊತ್ತು ಹಿಡಿಯಿತು, ಅದಕ್ಕೇ ಹಾಕಬೇಕಾಯಿತು ಎಂದು ಡಾಕ್ಟರ್ ಹೇಳಿದರು. ಮಂದಾರ ಗೋಡೆಗೆ ಮುಖ ತಿರುಗಿಸಿ ಮಲಗಿದಳು. ಹೆದರಿದ್ದ ವಸ್ತು ಬಂದಿತ್ತು, ಬೇಕಿದ್ದ ಮನುಷ್ಯ ಬಂದಿರಲಿಲ್ಲ. ಕಣ್ಣೀರು ದಿಂಬಿಗೆ ಇಳಿಯಿತು.

ಮರುದಿನ ಮುಂಜಾನೆ ಲಹರಿ ಸಿಸ್ಟರ್ ಪೈಪ್ ತೆಗೆದರು. ಕ್ಷಣದ ಉರಿ, ಅಷ್ಟೇ.

"ಮಧ್ಯಾಹ್ನದೊಳಗೆ ನೀವಾಗಿಯೇ ಮೂತ್ರ ಮಾಡಬೇಕು. ಆಗದಿದ್ದರೆ ಮತ್ತೆ ಪೈಪ್" ಎಂದು ಹಿಂದಿಯಲ್ಲಿ ತಿಳಿಹೇಳಿದರು.

"ಕರೂಂಗಿ! ಪ್ರಾಮಿಸ್!" ಎಂದಳು ಮಂದಾರ.

ಮಾತು ಕೊಡುವುದು ಸುಲಭ. ಗೋಡೆ ಹಿಡಿದು ಹೋದಳು, ಕೂತಳು, ಬರಿಗೈಯಲ್ಲಿ ಬಂದಳು. ಮತ್ತೆ ಹೋದಳು. ಕಿಬ್ಬೊಟ್ಟೆ ಬಿಗಿದು ಕಲ್ಲಾಗುತ್ತಿತ್ತು. ಸಿಟ್ಟೂ ಹಾಗೆಯೇ ಒಳಗೇ ನಿಂತಿತ್ತು.

ಮಧ್ಯಾಹ್ನ ಹತ್ತಿರವಾಯಿತು. ಸಿಸ್ಟರ್ ಬಚ್ಚಲಿನವರೆಗೆ ಕೈ ಹಿಡಿದು ಕರೆತಂದು ಕೂರಿಸಿದರು. "ಟೆನ್ಷನ್ ವದ್ದಮ್ಮಾ. ಉಂಡು, ನಲ್ಲಾ ತಿಪ್ಪುತಾ" ಎಂದು ತೆಲುಗಿನಲ್ಲಿ ಹೇಳಿ, ತಾಳು ಎಂದು ಕೈಸನ್ನೆ ಮಾಡಿದರು.

ಮಂದಾರ ಬೆಚ್ಚಿದಳು. "ಯಾ ನಲ್ಲ?"

ಸಿಸ್ಟರ್ ಗೋಡೆಯ ನಳ ತಿರುಗಿಸಿದರು. ನೀರು ಸುರ್ರೆಂದು ಬಕೆಟ್ಟಿಗೆ ಬಿತ್ತು. "ಇದೇ, ನಲ್ಲಾ! ಟ್ಯಾಪ್! ಈ ಸಪ್ಪಳಕ್ಕೆ ಬರುತ್ತೆ, ನೋಡ್ತಿರಿ" ಎಂದು ಹಿಂದಿಯಲ್ಲಿ ಹೇಳಿ ನಗುತ್ತ ಬಾಗಿಲು ಮುಂದೆ ಮಾಡಿ ಹೋದರು.

ಮಂದಾರ ಬಾಯಿ ತೆರೆದು ನಳವನ್ನೇ ನೋಡಿದಳು.

ನಲ್ಲಾ... ನಳ! ಹೆಸರು ತೆಗೀಬ್ಯಾಡ್ರಿ ಅಂದದ್ದಕ್ಕೆ ಆ ಹುಡುಗ ಪೈಪಿಗೆ ನಲ್ಲಾ ಎಂದು ಬರೆದಿದ್ದ! ಊರಿನಿಂದ ಬಂದು ಒಂದು ವರ್ಷವೂ ತುಂಬದ ತನಗೆ ಅದೇನು ಗೊತ್ತು?

"ಮೌಶೀ! ಆ ಮನುಷ್ಯ ಎಲ್ಲಿ ಅದಾನ?"

"ಎಲ್ಲಿರತಾನ? ಇಲ್ಲೇ ವರಾಂಡದಾಗ. ನಿನ್ನೆ ಮುಂಜಾನೆಯಿಂದ ಕುಂತಾನ. ಓಡಿಸಿದಂಗೆಲ್ಲ ಮತ್ತ ಬರತಾನ!"

"ಕರಿ ಅವನ್ನ!"

ಹೆಜ್ಜೆಗಳು ಬಾಗಿಲಾಚೆ ನಿಂತವು. "ಮಂದಾರ..."

"ಒಳಗ ಬರಬ್ಯಾಡ್ರಿ! ಅಲ್ಲೇ ನಿಂತು ಉತ್ತರ ಕೊಡ್ರಿ! ನಲ್ಲಾ ಇರಂಗಿಲ್ಲ ಅಂತ ಬರದಿದ್ರಿ, ಇತ್ತಲ್ಲ!"

"ಡಾಕ್ಟರ್ 'ಬಹುಶಃ ಇರಂಗಿಲ್ಲ' ಅಂದಿದ್ರು. ನೀವು ಹೆದರಬಾರದಂತ ನಾ ಬಹುಶಃ ನುಂಗಿಬಿಟ್ಟೆ."

"ನುಂಗಾಕ ಅದೇನು ಮದುವಿ ಊಟದ ಡಬಲ್ ಕಾ ಮೀಠಾ ಏನು? ನನಗ ಖರೆ ಬೇಕಾಗಿತ್ತು!"

"ತಪ್ಪಾತು. ಇನ್ನ ಮ್ಯಾಲೆ ಏನೂ ನುಂಗಂಗಿಲ್ಲ."

"ಮತ್ತ ಎರಡನೇದಕ್ಕ ಯಾಕ ಉತ್ತರ ಕೊಡಲಿಲ್ಲ?"

"ಯಾವುದು? ಕಣ್ಣು ತೆರೆದಾಗ ಇರತೀರೋ ಅಂದದ್ದಾ?" ಅವನ ದನಿಯಲ್ಲಿ ಮೊದಲ ಸಲ ಸಿಟ್ಟು ಕೇಳಿಸಿತು. "ಅದೊಂದು ಕೇಳೋ ಮಾತೇನ್ರಿ? ನಾ ಮತ್ತೆಲ್ಲಿ ಹೋಗಲಿ? ಅದಕ್ಕ ಉತ್ತರ ಬ್ಯಾರೆ ಬರೀಬೇಕೇನು?"

ಮಂದಾರಳ ಕಣ್ಣು ಮಂಜಾಯಿತು. ಆದರೂ ಬಿಡಲಿಲ್ಲ. "ನಲ್ಲ ಅಂದ್ರ ನಮ್ಮ ಕನ್ನಡದಾಗ ಏನು, ಗೊತ್ತೈತೇನು ನಿಮಗ?"

"ಏನ್ರಿ?"

"...ಪ್ರೀತಿ ಮಾಡಿದಂವ."

ನಳದ ನೀರು ಸುರಿಯುತ್ತಲೇ ಇತ್ತು.

"ಅಯ್ಯಯ್ಯೋ... ನಾ ಬರಂಗಿಲ್ಲ ಅಂತ ತಿಳಕೊಂಡ್ರೇನು?"

"ಹೂಂ!"

"ಅಂದ್ರ..." ದನಿ ಬಾಗಿಲಿಗೆ ಇನ್ನಷ್ಟು ಹತ್ತಿರವಾಯಿತು. "ನಲ್ಲ ಅಂತ ಓದಿದ ಕೂಡಲೇ... ಅದು ನಾನಽ ಅಂತ ಅನಿಸಿತೇನು ನಿಮಗ?"

ಮಂದಾರ ನಾಲಿಗೆ ಕಚ್ಚಿಕೊಂಡಳು. ಸಿಕ್ಕಿಬಿದ್ದಿದ್ದಳು!

"ಬಾಯಿ ಮುಚ್ಚರಿ!"

"ಮುಚ್ಚತೀನಿ. ಒಂದು ಮಾತು ಹೇಳಿ ಮುಚ್ಚತೀನಿ. ಆ ಶಬ್ದ ನನಗಽ ಇರಲಿ. ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ."

"ಪಾಯಖಾನಿ ಬಾಗಿಲ ಮುಂದ ನಿಂತು ಹೇಳೋ ಮಾತೇನ್ರಿ ಇದು!"

"ನೀವೇ ಕರೆಸಿದ್ರಿ!"

ಮೌಶಿ ಆಚೆ ಕಿಲಕಿಲ ನಕ್ಕಳು. ಮಂದಾರಳಿಗೂ ನಗು ಉಕ್ಕಿತು. ಹೊಲಿಗೆ ಜಗ್ಗಿ ನೋವಾಯಿತು, ಹೊಟ್ಟೆ ಹಿಡಿದುಕೊಂಡೇ ನಕ್ಕಳು. ಅಷ್ಟು ಹೊತ್ತಿನಿಂದ ಬಿಗಿಹಿಡಿದು ಕೂತದ್ದೆಲ್ಲ ಮೆಲ್ಲಗೆ ಸಡಿಲವಾಯಿತು...

ಅವಳು ಕೈ ಚಾಚಿ ನಳ ನಿಲ್ಲಿಸಿದಳು.

"ಆತೇನ್ರಿ?" ಹೊರಗಿನಿಂದ ಆತಂಕದ, ಮೆತ್ತನೆಯ ದನಿ.

"...ಆತು."