ಸೂಜಿಗಿಡದ ಹಸಿರು

ನಮ್ಮ ಹೊಲದಲ್ಲಿ ಬೋರಲು ಬಿದ್ದಿದ್ದ ಗಂಡಸನ್ನು ನೋಡಿ ಮೊದಲು ಹೆಣ ಅಂದುಕೊಂಡೆ. ಅಷ್ಟರಲ್ಲಿ ಹೆಣ ಕನ್ನಡಕ ಸರಿಮಾಡಿಕೊಂಡು ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಕೆದರತೊಡಗಿತು. ಆಗ ಗೊತ್ತಾಯಿತು, ಹೆಣವಲ್ಲ, ಕಳ್ಳ.

“ಏ, ಯಾರಂವಾ? ಇಲ್ಲಿ ನಿಧಿ ಐತಂತ ಯಾವ ಪುಣ್ಯಾತ್ಮ ಹೇಳಿದಾ ನಿನಗ?” ಎಂದು ಕೂಗಿದೆ. ಕೈಯಲ್ಲಿ ನೀರಿನ ಕೊಡವಿತ್ತು. ಕುಡಗೋಲು ಇದ್ದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಆ ಮನುಷ್ಯ ಗಡಬಡಿಸಿ ಎದ್ದರು. ಮೂಗಿನ ತುದಿಗೆ ಕೆಂಪು ಮಣ್ಣು ಮೆತ್ತಿತ್ತು. “ನಿಧಿ ಅಲ್ರೀ, ಬೇರು ನೋಡ್ಲಿಕ್ಕತ್ತಿದ್ದೆ. ನಾನು ಸುಶ್ರುತ ಅಂತ. ನರಗುಂದದಾಗ ಕನ್ನಡಕದ ಅಂಗಡಿ ಅದ. ಬೋನ್ಸಾಯ್ ಮಾಡ್ಲಿಕ್ಕೆ ಪೈನ್ ಗಿಡ ಬೇಕಂತ ಫೋನ್ ಮಾಡಿದ್ದೆನಲ್ಲ…”

“ಗಿಡಾ ಬೇಕಂದ್ರ ನಿಂತು ನೋಡ್ರಿ. ಮಕ್ಕೊಂಡು ನೋಡಾಕ ಇದೇನ ಟೀವಿ ಏನ್ರಿ?”

ನಕ್ಕರು. ನಕ್ಕಾಗ ಕನ್ನಡಕ ಮತ್ತೆ ಜಾರಿತು. ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಕೊಡ ಕೆಳಗಿಟ್ಟೆ.

ಆ ಗಿಡಗಳು ನನ್ನ ಗಂಡ ಶರತ ನೆಟ್ಟವು. ಪುಣೆಯ ಕಡೆ ಒಂದು ನರ್ಸರಿಯಲ್ಲಿ ಕೆಲಸಕ್ಕಿದ್ದವನು ಊರಿಗೆ ಬರುವಾಗ ಬುಟ್ಟಿ ತುಂಬ ಸೂಜಿಯಂಥ ಎಲೆಯ ಪೈನ್ ಸಸಿ ಹೊತ್ತು ತಂದ. ಗಜೇಂದ್ರಗಡದ ಗುಡ್ಡದ ಕೆಳಗೆ ನಮ್ಮದು ಗರಸು ಮಣ್ಣು, ನೀರು ನಿಲ್ಲುವುದಿಲ್ಲ, ಪೈನ್‌ಗೆ ಅದೇ ಬೇಕು ಎಂದು ಹಟ ಹಿಡಿದ. ಬೇರು ಕೆಳಗಿಳಿಯದೆ ಸುತ್ತಲೂ ಹರಡಲಿ ಅಂತ ಒಂದೊಂದು ಸಸಿಯ ಕೆಳಗೂ ಒಂದೊಂದು ಚಪ್ಪಟೆ ಕಲ್ಲು ಇಟ್ಟ. “ಕುಂಡದಾಗ ಬೆಳಸಿದ್ರ ಬೊಡ್ಡಿ ದಪ್ಪಾಗೂದ್ರಾಗ ನಾವು ಮುದುಕರ ಆಗ್ತೇವಿ. ನೆಲದಾಗ ಬೆಳಸಿ ಆಮ್ಯಾಲ ಕುಂಡಕ್ಕ ಹಾಕೂದು,” ಅನ್ನುತ್ತಿದ್ದ. ನನ್ನ ಅತ್ತೆ ಕಳಕವ್ವ ಮಗ್ಗದ ಮುಂದೆ ಕೂತು ನಗುತ್ತಿದ್ದಳು. “ಹೂವಿಲ್ಲ, ಹಣ್ಣಿಲ್ಲ. ಸೂಜಿ ಬೆಳಿತಾನಂತ ನನ್ನ ಮಗಾ!”

ಬೊಡ್ಡೆಗಳು ದಪ್ಪವಾದವು. ಶರತ ಮುದುಕನಾಗಲಿಲ್ಲ. ರೋಣದ ರಸ್ತೆಗೆ ಬೈಕಿನ ಮೇಲೆ ಹೋದವನನ್ನು ದವಾಖಾನೆಯಿಂದ ಬಟ್ಟೆ ಸುತ್ತಿ ತಂದರು.

ಆಮೇಲೆ ನಾನು ಹಗಲು ಸೀರೆ ನೇಯ್ದೆ, ಸಂಜೆ ಗಿಡಕ್ಕೆ ನೀರು ಹೊತ್ತೆ. ಯಾರಾದರೂ “ಹ್ಯಾಂಗದೀಯವಾ ನಾಗರತ್ನಾ?” ಅಂದರೆ “ಗಿಡಾ ಚಲೋ ಅದಾವು” ಅನ್ನುತ್ತಿದ್ದೆ. ಈಗ ಆ ಹೊಲ ಮೈದುನನ ಪಾಲಿಗೆ ಬಂದಿತ್ತು. ಮುಂಗಾರಿಗೆ ಶೇಂಗಾ ಬಿತ್ತಬೇಕು, ಅಷ್ಟರೊಳಗೆ ಖಾಲಿ ಮಾಡಿಕೊಡು ಅಂದಿದ್ದ. ಬೇಕಾದವರು ಬಂದು ಆರಿಸಿಕೊಳ್ಳಲಿ ಎಂದು ಫೋನಿನಲ್ಲಿ ಗಿಡಗಳ ಫೋಟೊ ಹಾಕಿದ್ದೆ.

ಹುಬ್ಬಳ್ಳಿಯವರು ಬಂದರು, ಬೆಳಗಾವಿಯವರು ಬಂದರು. ಬೇಕಾದ ಗಿಡ ತೋರಿಸಿದರು. ನಾನು ಮಗ್ಗದಲ್ಲಿ ಉಳಿದ ತುಂಡು ನೂಲು ಕಟ್ಟಿ ಗುರುತು ಮಾಡಿದೆ. ಚಳಿ ಬಿದ್ದ ಮೇಲೆ ಅಗೆದು ಒಯ್ಯುವ ಮಾತಾಯಿತು. ನರಗುಂದದ ಸುಶ್ರುತ ಅವರು ಮಾತ್ರ ಅಂಗಡಿಗೆ ರಜೆಯಿರುವ ಐತವಾರಕ್ಕೊಮ್ಮೆ ಬರುವರು, ಸಾಲಿನ ಈ ತುದಿಯಿಂದ ಆ ತುದಿಗೆ ಮೊಣಕಾಲೂರಿ ಹೋಗುವರು, ಒಂದನ್ನೂ ಆರಿಸದೆ ಚಹಾ ಕುಡಿದು ಹೋಗುವರು.

“ಇದರ ಬೇರು ಎಲ್ಲಾ ಒಂದ ಕಡೆ ಅದಾವ್ರಿ.”

“ಅದು?”

“ಅದು ಕಂಬದ ಹಂಗ ಅದ. ಕೆಳಗ ದಪ್ಪ ಇದ್ದು ಮ್ಯಾಲ ಹೋದಂಗ ಸಣ್ಣ ಆಗಬೇಕು.”

“ಮತ್ತ ಇದಕ್ಕೇನ ಧಾಡಿ?”

“ಹಸಿರು ಬೊಡ್ಡಿಯಿಂದ ಭಾಳ ದೂರ ಹೋಗೇದ. ಸೂಜಿ ಉದುರಿದ ಹಳೆ ಟೊಂಗಿ ಪೈನ್‌ನಾಗ ಮತ್ತ ಚಿಗುರೂದಿಲ್ರಿ.”

“ನೀವು ಗಿಡಾ ನೋಡಾಕ ಬಂದೀರೋ, ಕನ್ಯಾ ನೋಡಾಕೋ? ಹಿಂಗ ಹುಳುಕು ತಗೀತೀರಿ ಅಂತನ ನಿಮಗ ಲಗ್ನ ಆಗಿಲ್ಲ!”

ಲಗ್ನವಾಗಿಲ್ಲ ಎಂಬುದನ್ನು ಅತ್ತೆ ಮೊದಲನೇ ಚಹಾಕ್ಕೇ ಕೇಳಿ ತಿಳಿದುಕೊಂಡಿದ್ದಳು.

“ಹಂಗಲ್ರೀ,” ಅಂದರು, ಮೊಣಕಾಲಿನ ಮಣ್ಣು ಝಾಡಿಸುತ್ತ. “ಹುಳುಕು ತಗದವರು ಕನ್ಯಾದ ಮನಿಯವರು. ನಾ ಎಲ್ಲಾರಿಗೂ ಹೂಂ ಅಂದಿದ್ದೆ.”

ನನಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಹೆದರಿಕೆಯಾಯಿತು. ಅಷ್ಟು ದೊಡ್ಡದಾಗಿ ನಕ್ಕು ಎಷ್ಟು ದಿನವಾಗಿತ್ತೋ, ನನ್ನ ದನಿಯೇ ಯಾರದೋ ಅನ್ನಿಸಿತು.

ಅವರು ಗಿಡ ನೋಡುವಾಗ ಒಂದು ಕಣ್ಣು ಮುಚ್ಚುತ್ತಿದ್ದರು. ನಾನು ನೂಲು ಕಟ್ಟುವಾಗ ಎರಡೂ ಕಣ್ಣು ತೆರೆದು ನನ್ನ ಬೆರಳು ನೋಡುತ್ತಿದ್ದರು. ಹರಿದ ಎಳೆಗೆ ಚಿಟಿಕೆ ಹೊಡೆಯುವುದರಲ್ಲಿ ಗಂಟು ಹಾಕುವವಳು ನಾನು. ಅವರು ನೋಡುತ್ತಿದ್ದರೆ ಮಾತ್ರ ಗಂಟು ಲಗೂ ಬೀಳುತ್ತಿರಲಿಲ್ಲ.

ಚಳಿ ಬಂತು. ಸಾಲು ಬರಿದಾಗುತ್ತ ಬಂತು. ಕೊನೆಗೆ ಬಾವಿಯ ಪಕ್ಕದ ಗಿಡ ಉಳಿಯಿತು. ಸಣ್ಣದಿದ್ದಾಗ ಆಡು ಅದರ ತುದಿ ಕಡಿದು, ಗಿಡ ಒಮ್ಮೆ ಎಡಕ್ಕೆ ವಾಲಿ ಮತ್ತೆ ಮೇಲೆದ್ದಿತ್ತು. ಶರತನಿಗೆ ಅದರ ಮೇಲೆ ಬಲು ಜೀವ. ಯಾರು ಕೇಳಿದರೂ ನಾನು ಕೊಟ್ಟಿರಲಿಲ್ಲ.

“ಇದರಾಗೇನ ಹುಳುಕು ಐತಿ, ಹೇಳಿಬಿಡ್ರಿ,” ಅಂದೆ.

“ಏನೂ ಇಲ್ರಿ. ಮೊದಲನೇ ದಿನಾನ ಇದನ್ನ ಆರಿಸಿದ್ದೆ.”

“ಮತ್ತ ಇಷ್ಟ ಐತವಾರ ಯಾಕ ಬಂದ್ರಿ?”

ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. “ಅದನ್ನೂ ಬಾಯಿಬಿಟ್ಟು ಹೇಳಬೇಕೇನ್ರಿ, ನಾಗರತ್ನಾ? ನಿಮ್ಮನ್ನ ನೋಡ್ಲಿಕ್ಕೆ ಬರ್ತಿದ್ದೆ. ನೀವು ಹೂಂ ಅಂದ್ರ ಲಗ್ನ ಆಗಬೇಕಂತ ಅದ ನನಗ.”

ನನ್ನ ಎದೆ ಹೂಂ ಅಂದಿತ್ತು, ಸುಳ್ಳೇಕೆ ಹೇಳಲಿ. ಬಾಯಿ ಅನ್ನಲಿಲ್ಲ. ನಾವು ಅಪ್ಪಣೆ ಕೇಳದೆ ಏನೂ ಮಾಡುವವರಲ್ಲ. ಹೊಸ ಮಗ್ಗ ಹೂಡುವುದಿದ್ದರೂ ದೇವರ ಮೇಲಿನ ಹೂವು ಬಲಕ್ಕೆ ಬೀಳಬೇಕು, ಆಮೇಲೆಯೇ ಕೆಲಸ. ಹೋದ ಗಂಡನನ್ನು ಕೇಳುವುದು ಹೇಗೆ? ನನ್ನ ಕಣ್ಣು ಆ ಗಿಡದ ಮೇಲೆ ಬಿತ್ತು.

“ಇದನ್ನ ಒಯ್ಯಿರಿ. ಯುಗಾದಿ ಮುಂದ ನಿಮ್ಮ ಕುಂಡದಾಗ ಹೊಸಾ ಚಿಗುರು ಬಿಟ್ರ ನಮ್ಮವರು ಹೂಂ ಅಂದಂಗ. ಬಿಡಲಿಲ್ಲಂದ್ರ ಈ ಹಾದಿ ಮರತುಬಿಡ್ರಿ.”

“ಪಾಪ, ಗಿಡದ ಮ್ಯಾಲ ಇಷ್ಟು ಭಾರ ಯಾಕ್ರೀ?” ಅಂದರು. ಆದರೂ ಒಪ್ಪಿದರು.

ಮರುದಿನ ಬೆಳಗೆಲ್ಲ ಕೂತು ಸುತ್ತಲೂ ಅಗೆದು, ಬೇರಿಗೆ ಹಿಡಿದ ಮಣ್ಣಿನ ಸಮೇತ ಎತ್ತಿ, ಗೋಣಿಚೀಲ ಸುತ್ತಿ ನಮ್ಮ ಅಂಗಳದ ನೆರಳಿನಲ್ಲಿಟ್ಟರು. ಟೆಂಪೊ ನಾಳೆ ಬರುತ್ತದೆ ಎಂದು ಹೇಳಿ ಹೋದರು. ನೀರು ಚಿಮುಕಿಸೋಣ ಎಂದು ನಾನು ಗೋಣಿ ಬಿಚ್ಚಿದೆ.

ಬೇರಿನ ತುಂಬ ಬೆಳ್ಳಗೆ ಬೂಷ್ಟು!

ನೇಕಾರರ ಮನೆಯಲ್ಲಿ ಆ ಬಿಳುಪು ಕಂಡರೆ ಊಟ ಸೇರುವುದಿಲ್ಲ. ಮಳೆಗಾಲದಲ್ಲಿ ಗಂಜಿ ಹಚ್ಚಿದ ನೂಲಿಗೆ ಅದು ಹತ್ತಿತೆಂದರೆ ಸೀರೆಯ ಉದ್ದೆಳೆಗಳ ಹಾಸೇ ಹಾಳು. ನಾನು ಬೆಚ್ಚಗಿನ ಅರಿಷಿಣದ ನೀರು ತಂದೆ. ಮಣ್ಣು ಕೊಡವಿ, ಗಂಜಿ ಹಚ್ಚುವ ಮೆತ್ತನೆಯ ಬ್ರಷ್‌ನಿಂದ ಒಂದೊಂದೇ ಬೇರು ತಿಕ್ಕಿದೆ. ಬಿಳುಪಿನ ಒಂದು ಎಳೆಯನ್ನೂ ಬಿಡಲಿಲ್ಲ. ನನ್ನದೇ ಹಳೆಯ ಸೀರೆ ಒದ್ದೆ ಮಾಡಿ ಸುತ್ತಿ, ಮೇಲೆ ಗೋಣಿ ಕಟ್ಟಿದೆ. ಶರತನ ಗಿಡ ಸಾಯಬಾರದು, ಆ ಕುಂಡದಲ್ಲಿ ಚಿಗುರಬೇಕು. ನನಗೆ ಅಷ್ಟೊಂದು ಆಸೆಯಿತ್ತು.

ಮರುದಿನ ಬೆಳಿಗ್ಗೆ ಟೆಂಪೊಗೆ ಹಾಕಲು ಗಿಡ ಎತ್ತಿದ ಸುಶ್ರುತ ಅವರು ಅಲ್ಲೇ ನಿಂತರು. ಭಾರ ಕಡಿಮೆಯಾಗಿತ್ತು. ಗೋಣಿ ನೋಡಿದರು, ಹಳದಿಯಾದ ನನ್ನ ಉಗುರು ನೋಡಿದರು.

“ಚಲೋ ಕಟ್ಟೀರಿ,” ಅಂದರು. ಅಷ್ಟೇ.

ಆಮೇಲಿನ ಐತವಾರಗಳನ್ನು ನಾನು ಹೇಗೆ ಹೇಳಲಿ? ಗಿಡವಿಲ್ಲದಿದ್ದರೂ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಫೋಟೊ ತೋರಿಸುತ್ತಿದ್ದರು. “ನೋಡ್ರಿ, ಹ್ಯಾಂಗ ಹಸಿರಗೆ ಅದ.” ಖರೇನೇ ಹಸಿರಿತ್ತು. ಫೋನು ಹಿಡಿದ ಅವರ ಕೈಗೆ ನನ್ನ ಕೈ ತಗುಲಿದರೆ ಇಬ್ಬರೂ ಸರಿಸಿಕೊಳ್ಳುತ್ತಿರಲಿಲ್ಲ. ಊರಿಗೆಲ್ಲ ಸೀರೆ ನೇಯ್ದವಳು ಮೊದಲ ಸಲ ನನಗಾಗಿ ಒಂದು ಸೀರೆಗೆ ಹಾಸು ಹೂಡಿದೆ. ಯಾರಿಗೆ ಅಂತ ಅತ್ತೆ ಕೇಳಲಿಲ್ಲ.

ಯುಗಾದಿ ಹೋಯಿತು. “ಇನ್ನ ಸ್ವಲ್ಪ ತಡಾ ಆಗ್ತದರಿ,” ಅಂದರು. ಮುಖ ಇಳಿದಿತ್ತು. ನನಗೆ ತಡೆಯಲಾಗಲಿಲ್ಲ. ಹೇಳದೆ ಕೇಳದೆ ಒಂದು ದಿನ ಬಸ್ಸು ಹತ್ತಿ, ರೋಣದಲ್ಲಿ ಇಳಿದು ಬೇರೆ ಬಸ್ಸು ಹಿಡಿದು, ನರಗುಂದಕ್ಕೆ ಹೋದೆ.

ಅವರ ಮನೆಯ ಹಿತ್ತಲಿನಿಂದ ಕೋಟೆಯ ಗುಡ್ಡ ಕಾಣುತ್ತದೆ. ನೆರಳಿನಲ್ಲಿ ನಮ್ಮ ಗಿಡವಿತ್ತು. ಹಸಿರೇ ಇತ್ತು, ಆದರೆ ಮಬ್ಬು ಹಸಿರು. ಕೈಯಾಡಿಸಿದೆ. ಸೂಜಿಗಳು ಚಟಚಟ ಮುರಿದು ಹಿಡಿಗಟ್ಟಲೆ ಉದುರಿದವು.

ಹಿಂದೆ ಬಂದು ನಿಂತಿದ್ದರು.

“ಯಾವಾಗಿಂದ ಹಿಂಗೈತಿ?”

“ತಂದ ಮ್ಯಾಲ ಜೀವ ಹಿಡೀಲೇ ಇಲ್ರಿ. ಪೈನ್ ಹಂಗ. ಸತ್ತ ಮ್ಯಾಲೂ ತಿಂಗಳುಗಟ್ಟಲೆ ಹಸಿರು ಇರ್ತದ.”

“ಯಾಕ ಸತ್ತಿತು?”

“ನನ್ನ ಕೈಯಾಗ ಏನೋ ತಪ್ಪಾತು.”

ಪಕ್ಕದಲ್ಲಿ ಇನ್ನೊಂದು ಪೈನ್ ಇತ್ತು, ಅವರು ಎಷ್ಟೋ ವರ್ಷದಿಂದ ಸಾಕಿದ್ದು. ಕುಂಡ ಬದಲಿಸಲು ಹೊರಗೆ ತೆಗೆದಿಟ್ಟಿದ್ದರು. ಅದರ ಬೇರಿನ ತುಂಬ ಅದೇ ಬಿಳುಪು.

“ಅಯ್ಯ, ಇದಕ್ಕೂ ಬೂಷ್ಟು ಬಂದೈತಲ್ರಿ!”

ಅವರು ನೆಲ ನೋಡಿದರು. ಮೆಲ್ಲಗೆ ಅಂದರು, “ಅದು ಬೂಷ್ಟಲ್ಲ. ಪೈನ್ ಜೋಡಿ ಬದುಕೂ ಜೀವ ಅದು. ಬೇರಿಗೆ ಅನ್ನ ನೀರು ಅದರಿಂದನ.”

ಅರಿಷಿಣದ ನೀರು, ಬ್ರಷ್ಷು, ತಿಕ್ಕಿದ ಒಂದೊಂದು ಬೇರು, ಎಲ್ಲ ಕಣ್ಣ ಮುಂದೆ ಬಂತು.

“ನಿಮಗ ಗೊತ್ತಿತ್ತು.”

“ಎತ್ತಿದ ಕೂಡಲೇ ಗೊತ್ತಾತು. ಮಣ್ಣು ಮುಟ್ಟಬ್ಯಾಡ್ರಿ ಅಂತ ನಾ ಹೇಳಿ ಹೋಗಬೇಕಿತ್ತು. ಆಮ್ಯಾಲ ಹೇಳಿದ್ರ ಜನ್ಮಪೂರ್ತಿ ನಿಮ್ಮ ಕೈಯನ್ನ ನೀವು ಬೈಕೋತಿದ್ರಿ. ಮತ್ತ…” ಕನ್ನಡಕ ತೆಗೆದು ಒರೆಸಿದರು. “ಹಸಿರದ ಅಂದ್ರ ಮುಂದಿನ ಐತವಾರ ಬರಬಹುದಿತ್ತು.”

ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ನನ್ನನ್ನು ಬೈದುಕೊಳ್ಳುವುದನ್ನೂ ಅವರ ಮೇಲೆಯೇ ಹಾಕಿ ಬೈದು, ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ.

“ಮಾತು ಅಂದ್ರ ಮಾತ,” ಅಂದರು ಕೊನೆಗೆ. “ಚಿಗುರು ಬಿಡಲಿಲ್ಲ. ನಾ ಇನ್ನ ಬರೂದಿಲ್ರಿ.”

ಗಿಡ ಕೇಳಿದೆ, ಕೊಟ್ಟರು. ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ರಸ್ತೆಯ ತಗ್ಗಿಗೊಮ್ಮೆ ಸೂಜಿ ಉದುರಿ ಉಡಿ ತುಂಬಿತು. ಮನೆ ಮುಟ್ಟುವಾಗ ಟೊಂಗೆಗಳೆಲ್ಲ ಬೋಳಾಗಿದ್ದವು.

ಅತ್ತೆ ಲಾಳಿ ನಿಲ್ಲಿಸಿ ನೋಡಿದಳು. “ಇದು ಸತ್ತು ಭಾಳ ದಿನಾ ಆಗೈತಿ ಅಲಾ?”

ಎಲ್ಲ ಹೇಳಿಬಿಟ್ಟೆ. ಗಿಡದಲ್ಲಿ ಶರತನನ್ನು ಕೇಳಿದ್ದು, ಬೇರು ತೊಳೆದದ್ದು, ಅವರು ಬರುವುದಿಲ್ಲ ಅಂದದ್ದು. “ನಾನ ಕೊಂದೆ ಅತ್ತಿ. ನಮ್ಮವರು ಹೂಂ ಅಂದಿದ್ರೋ ಇಲ್ಲೋ, ಅದೂ ಗೊತ್ತಾಗದಂಗ ಮಾಡಿಕೊಂಡೆ.”

ಕಳಕವ್ವ ಎದ್ದು ಬಂದು ನನ್ನ ಉಡಿಯ ಸೂಜಿಗಳನ್ನು ಮೊರಕ್ಕೆ ಸುರಿದುಕೊಂಡಳು. ಸೆರಗಿನಿಂದ ನನ್ನ ಮುಖ ಒರೆಸಿದಳು, ಜೋರಾಗಿಯೇ.

“ನನ್ನ ಮಗಾ ಆವತ್ತ ರಸ್ತಾದಾಗ ಸತ್ತಾನ, ನಾಗರತ್ನಾ. ಹೆತ್ತಾಕಿ ಹೇಳಾಕತ್ತೇನಿ. ಗಿಡದಾಗ ಏನ ಕೇಳತಿ ಅವನ್ನ?”

ಬೋಳು ಗಿಡವನ್ನು ಕೆಳಗಿಟ್ಟೆ.

“ಹಾಸು ಹೂಡಿದ ಸೀರಿ ಅರ್ಧಾ ಬಿಡಬ್ಯಾಡ. ನೇಯಿ,” ಎಂದು ಹೇಳಿ ಮೊರ ಹಿಡಿದು ಒಲೆಯ ಕಡೆ ಹೋದಳು. ಅವಳು ಅಳುವುದನ್ನು ನಾನು ನೋಡಬಾರದು ಅಂತ ಹೋದಳು.

ಫೋನು ತೆಗೆದುಕೊಂಡು ಹೊಲಕ್ಕೆ ನಡೆದೆ. ಅಗೆದ ಗುಂಡಿಗಳೆಲ್ಲ ಮುಚ್ಚಿದ್ದವು. ಶರತ ಇಟ್ಟಿದ್ದ ಚಪ್ಪಟೆ ಕಲ್ಲುಗಳನ್ನು ಮೈದುನ ಬದುವಿಗೆ ಒಟ್ಟಿದ್ದ. ಒಂದರ ಮೇಲೆ ಕೂತು ಫೋನ್ ಮಾಡಿದೆ.

“ಐತವಾರ ಬರ್ರಿ,” ಅಂದೆ.



“ಯಾವ ಗಿಡಾ ನೋಡ್ಲಿಕ್ಕೆ ಬರಲಿರಿ?”

“ಗಿಡಾ ಇಲ್ಲ. ಹೊಲಾ ಖಾಲಿ ಐತಿ. ಸುಮ್ನ ಬರ್ರಿ.”