ಛತ್ರಿ ಕಡ್ಡಿಯಲ್ಲಿ ಕೊರೆದ ಮುಖ

ಕೆಂಚಮ್ಮನ ಒಂದು ಫೋಟೋ ಕೂಡ ಇರಲಿಲ್ಲ.

ಮದುವೆಯಲ್ಲಿ ತೆಗೆಸಿರಲಿಲ್ಲ. ಸತ್ತ ಮೇಲೆ ಯಾರೂ ಕೇಳಲಿಲ್ಲ. ದೊಡ್ಡೇರಿ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ ಹುಟ್ಟಿ, ಇಪ್ಪತ್ತೊಂದನೇ ವಯಸ್ಸಿಗೆ ಅದೇ ಹಟ್ಟಿಯ ಬೇಲಿಯಾಚೆ ಸತ್ತವಳು. ಅವಳು ಹೇಗಿದ್ದಳು ಎಂದು ತೋರಿಸಲು ಉಳಿದದ್ದು ತಮ್ಮ ಮುದ್ದಪ್ಪನ ನೆನಪು ಮಾತ್ರ.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಆ ನೆನಪನ್ನು ಅವನು ಗೋಣಿಚೀಲದಲ್ಲಿ ಹೊತ್ತು ಮಧುಗಿರಿಗೆ ತಂದ. ನಂದೀಶ್ವರಯ್ಯನವರ ಅಚ್ಚುಮನೆಯ ಮೇಜಿನ ಮೇಲೆ, ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅವರ ಮಗಳು ಸರ್ವಮಂಗಳೆಯ ಮುಂದೆ ಸುರಿದ.

"ಏನ್ರೀ ಇದು? ಇದು ಪ್ರೆಸ್ಸು. ಚಪ್ಪಲಿ ಅಂಗಡಿ ಎದುರುಗಡೆ ಇದೆ!"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವು ಮರದ ತುಂಡುಗಳಿಗೆ ಅಂಟಿಸಿದ ಚಪ್ಪಲಿ ಅಟ್ಟೆಯ ರಬ್ಬರುಗಳು.

"ಬ್ಲಾಕು ಕಣ್ರೀ. ಚಿತ್ರದ ಪುಸ್ತಕ ಮಾಡ್ಬೇಕು. ಪುಟಕ್ಕೆ ನಾಕು ಚಿತ್ರ, ಕೆಳಗೆ ಮಾತು."

"ಬ್ಲಾಕು ಅಂದ್ರೆ ಬೆಂಗಳೂರಲ್ಲಿ ಮಾಡಿಸ್ತಾರೆ. ಸತುವಿನ ತಗಡಲ್ಲಿ."

"ನನ್ನ ಕೈಲಿ ಆಗೋದು ಇದೇಯ. ಛತ್ರಿ ಕಡ್ಡಿ ಮಸೆದು ನಾನೇ ಕೊರ್ದಿವ್ನಿ."

ಸರ್ವಮಂಗಳೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಗುಡಿಸಲು, ಮಳೆ, ಕೆಳಗೆ ಎರಡು ಸಾಲು ಅಕ್ಷರ... ಅವಳಿಗೆ ನಗು ತಡೆಯಲಾಗಲಿಲ್ಲ.

"ಅಕ್ಷರಾನೂ ನೇರಕ್ಕೇ ಕೊರೆದಿದೀರಲ್ರೀ! ಅಚ್ಚಾದ್ರೆ ಎಲ್ಲಾ ತಿರುಗಾಮುರುಗಾ ಬರುತ್ತೆ. ಕೊಂಡವರಿಗೆಲ್ಲ ಒಂದೊಂದು ಕನ್ನಡಿ ಕೊಡ್ತೀರೇನು?"

ಮುದ್ದಪ್ಪ ಅವಳನ್ನೇ ನೋಡಿದ. ತೆಳ್ಳಗಿನ ಮನುಷ್ಯ, ಉಗುರಿನಲ್ಲಿ ಬಣ್ಣ. ಟೂರಿಂಗ್ ಟಾಕೀಸಿಗೆ ಬೋರ್ಡು ಬರೆಯುವವನು.

"ನಗ್ರಿ. ಆ ಅಟ್ಟೆಯಾಗೆ ನಮ್ಮಕ್ಕ ಸಾಯೋದೈತೆ. ಅದನ್ನೂ ನೋಡ್ಕಂಡು ನಗ್ರಿ."

ಅವಳು ಬ್ಲಾಕನ್ನು ಮೆಲ್ಲಗೆ ಕೆಳಗಿಟ್ಟಳು.

ಅವನು ಹೇಳಿದ. ಹಟ್ಟಿಯಲ್ಲಿ ಹೆರಿಗೆಯಾದರೆ ಸೂತಕ. ಬಾಣಂತಿ, ಕೂಸು ಬೇಲಿಯಾಚೆ ಸೊಪ್ಪಿನ ಗುಡಿಸಲಿನಲ್ಲಿರಬೇಕು, ವಾರಗಟ್ಟಲೆ. ಯಾರೂ ಮುಟ್ಟುವಂತಿಲ್ಲ. ಆ ಸಲ ಮಳೆ ಹಿಡಿದು ಗುಡಿಸಲು ಕುಸಿದು ಕೂತುಬಿಟ್ಟಿತು.

"ನಾನು ಬೇಲಿ ಈಚೆ ನಿಂತಿದ್ದೆ. 'ಮುದ್ದ, ಕೂಸು ತಣ್ಣಗಾಯ್ತು ಕಣ್ಲಾ' ಅಂದ್ಲು. ಮೊಣಕಾಲುದ್ದದ ಬೇಲಿ. ನಾನು ದಾಟ್ಲಿಲ್ಲ. ಎರಡು ದಿನಕ್ಕೆ ಅವಳೂ ಹೋದ್ಲು."

ಸರ್ವಮಂಗಳೆ ಮೇಜಿನ ಮೇಲಿನ ಬ್ಲಾಕುಗಳನ್ನು ಒಂದೊಂದಾಗಿ ಸಾಲಾಗಿಟ್ಟಳು.

"ಬರೆದು ಹಂಚಿದ್ರೆ ನಮ್ಮ ಹೆಂಗಸ್ರು ಯಾರು ಓದ್ತಾರೆ? ಒಬ್ಬಳಿಗೂ ಅಕ್ಷರ ಇಲ್ಲ. ಅದ್ಕೇ ಚಿತ್ರ. ಆಗಲ್ಲ ಅಂದ್ರೆ ಅನ್ರಿ, ಹೊತ್ಕಂಡು ಹೋಯ್ತೀನಿ."

"ಆಗಲ್ಲ ಅಂದ್ನಾ?" ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು. "ಮಾತು ನಾನು ಮೊಳೆಯಲ್ಲಿ ಜೋಡಿಸ್ತೀನಿ. ನೀವು ಚಿತ್ರ ಮಾತ್ರ ಹೊಸದಾಗಿ ಕೊರೀರಿ."

"ಚಿತ್ರಾನೂ ತಿರುಗಾಮುರುಗಾ ಕೊರೀಬೇಕಾ?"

"ಚಿತ್ರಕ್ಕೆ ಯಾವ ಎಡ, ಯಾವ ಬಲ? ನೇರಕ್ಕೇ ಕೊರೀರಿ ಬಿಡಿ."

ಅವಳು ಆಡಿದ ಆ ಮಾತೇ ಮುಂದೆ ಇಬ್ಬರನ್ನೂ ಹಿಡಿಯಿತು.

ನಂದೀಶ್ವರಯ್ಯ ಜಂಗಮರು. ಮದುವೆಯ ಕಾಗದ ಅಚ್ಚು ಹಾಕಿ ಮಗಳನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದರು. ಬ್ಲಾಕುಗಳನ್ನು ಕೈಯಲ್ಲಿ ತೂಗಿ ನೋಡಿ, "ಕಾಗದ ನೀನು ತಂದ್ರೆ ಅಚ್ಚು ನಾನು ಹಾಕ್ತೀನಪ್ಪ" ಎಂದು ಒಪ್ಪಿಕೊಂಡರು.

ಅಂದಿನಿಂದ ಮಧ್ಯಾಹ್ನದ ಹೊತ್ತು ಮುದ್ದಪ್ಪ ಬರುತ್ತಿದ್ದ. ಮೇಜಿನ ಆ ಕಡೆ ಕೂತು ಹಾಳೆಯ ಮೇಲೆ ಬರೆದು, ಅದನ್ನು ರಬ್ಬರಿಗೆ ಅಂಟಿಸಿ ಕೊರೆಯುತ್ತಿದ್ದ. ಈ ಕಡೆ ಅವಳು ಮೊಳೆ ಜೋಡಿಸುತ್ತಿದ್ದಳು. ನಡುನಡುವೆ ಅವನು ತಲೆ ಎತ್ತಿ ನೋಡುತ್ತಿದ್ದ. ಅಕ್ಕನನ್ನು ನೆನೆಯುತ್ತಿದ್ದಾನೆ ಎಂದುಕೊಂಡು ಅವಳು ಅಲುಗಾಡದೆ ಕೂರುತ್ತಿದ್ದಳು.

"ಇಲ್ಲಿ ಕೆಂಚಮ್ಮ ಏನಂತಾಳೆ?"

"'ಅವ್ವ, ಚಳಿ' ಅಂತಾಳೆ."

"ಅಷ್ಟೇನಾ?"

"ಚಳಿ ಆದವರು ಪುರಾಣ ಹೇಳ್ತಾರಾ, ಅಮ್ಮಾವ್ರೆ?"

"ನಾನೇನು ನಿಮ್ಮ ಗೌಡರ ಹೆಂಡ್ತೀನಾ? ಅಮ್ಮಾವ್ರೆ ಅಂತೆ!"

"ಮತ್ತೆ ಏನಂತ ಕರೆಯನ?"

'ಹೆಸರು ಹಿಡಿದು ಕರೆ' ಎನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡಳು.

ಮೊದಲ ಪ್ರೂಫು ತೆಗೆದ ದಿನ ಕೆಂಚಮ್ಮನ ಮುಖ ನೋಡಿ ಅವಳಿಗೆ ಒಂದು ಥರ ಆಯಿತು. ಈ ಮುಖ ಎಲ್ಲೋ ನೋಡಿದ್ದೇನಲ್ಲ...

ಮರುದಿನ ಬೆಳಗ್ಗೆ ಕನ್ನಡಿ ಮುಂದೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ ಅವಳ ಬೆರಳು ನಿಂತುಹೋಯಿತು.

ಅದೇ ಹುಬ್ಬು. ಅದೇ ಗದ್ದ. ತುಟಿಯ ಕೆಳಗೆ ಅದೇ ಮಚ್ಚೆ!

'ಅಯ್ಯೋ... ಅದು ನಾನು!'

ಎದುರು ಕೂತವಳ ಮುಖವನ್ನು ಅವನು ಇದ್ದ ಹಾಗೇ ಕೊರೆದಿದ್ದ. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗಿ, ಎಡಗಡೆಯ ಮಚ್ಚೆ ಬಲಗಡೆಗೆ ಹೋಗಿತ್ತು. ಹಾಗಾಗಿ ನೋಡಿದವರಿಗೆ ಹೊಳೆಯಲಿಲ್ಲ. ಆದರೆ ಕನ್ನಡಿಯೂ ಎಡ ಬಲ ಅದಲುಬದಲು ಮಾಡಿಯೇ ತೋರಿಸುತ್ತದೆ. ಅವಳೊಬ್ಬಳಿಗೆ ಗೊತ್ತಾಯಿತು.

ಮುದ್ದಪ್ಪನಿಗೆ ಗೊತ್ತಿರಲಿಲ್ಲ. "ನಮ್ಮಕ್ಕ ಬಂದ್ಬುಟ್ಲು ನೋಡ್ರಿ!" ಎಂದು ಪ್ರೂಫನ್ನು ಎದೆಗೊತ್ತಿಕೊಂಡಿದ್ದ.

ಅವಳು ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅವನು ತಲೆ ಎತ್ತಿ ನೋಡುವುದನ್ನೇ ನಿಲ್ಲಿಸಿಬಿಟ್ಟರೆ? ಸತ್ತವಳೊಬ್ಬಳ ಜಾಗದಲ್ಲಿ ತಾನು ಕೂತಿದ್ದೇನೆ ಎಂದು ತಿಳಿದೂ ಅವಳು ಆ ಮಧ್ಯಾಹ್ನಗಳನ್ನು ಬಿಡಲಿಲ್ಲ. ಪ್ರೀತಿ ಅವಳನ್ನು ಅಷ್ಟು ಆಸೆಬುರುಕಿಯನ್ನಾಗಿ ಮಾಡಿತ್ತು.

ಶ್ರಾವಣದ ಹೊತ್ತಿಗೆ ಬ್ಲಾಕುಗಳೆಲ್ಲ ಮುಗಿದವು.

"ಅಚ್ಚಿಗೆ ಮುಂಚೆ ನಮ್ಮವ್ವಂಗೆ ತೋರಿಸ್ಕಂಡು ಬತ್ತೀನಿ," ಎಂದು ಮುದ್ದಪ್ಪ ಪ್ರೂಫು, ಬ್ಲಾಕು ಎಲ್ಲ ಕಟ್ಟಿಕೊಂಡು ಹೋದ.

ಬರಲಿಲ್ಲ.

ವಾರವಾಯಿತು. ಇನ್ನೊಂದು ವಾರವೂ ಆಯಿತು. ಟಾಕೀಸಿನ ಬೋರ್ಡನ್ನು ಬೇರೆ ಯಾರೋ ಬರೆಯುತ್ತಿದ್ದರು.

'ಹೆಣ್ಣು ಗೊತ್ತು ಮಾಡಿರಬೇಕು... ಇಲ್ಲ, ಹಟ್ಟಿಯವರು ಪುಸ್ತಕ ಬೇಡ ಅಂದಿರಬೇಕು. ಒಂದು ಮಾತು ಹೇಳಿಹೋಗಲು ನಾನು ಯಾರು ಅವನಿಗೆ?'

ಅವಳ ಕೈಯಲ್ಲಿ ಮೊಳೆಗಳು ತಪ್ಪತೊಡಗಿದವು. ಒಂದು ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರೇ ಬಿಟ್ಟುಹೋಯಿತು.

ಆ ಮಧ್ಯಾಹ್ನ ಸೀಮೆಎಣ್ಣೆ ಬಟ್ಟೆಯಿಂದ ಮೆಷಿನ್ನು ಒರೆಸುತ್ತಿದ್ದ ನಂದೀಶ್ವರಯ್ಯನವರಿಗೆ ಚೌಕಟ್ಟಿನಲ್ಲೇ ಉಳಿದುಹೋಗಿದ್ದ ಒಂದು ಬ್ಲಾಕು ಸಿಕ್ಕಿತು. ಮಸಿ ಒರೆಸಿದರು. ಬಹಳ ಹೊತ್ತು ನೋಡಿದರು.

"ಮಂಗಳ, ಇಲ್ಲಿ ಬಾ."

"ಏನಪ್ಪ?"

"ಮೂವತ್ತು ವರ್ಷದಿಂದ ಮೊಳೆ ನೋಡ್ತಿದೀನಿ. ಕಾಗದದ ಮೇಲಿನ ಮೋಸ ಬೇರೆಯವರಿಗೆ. ನನ್ನ ಕಣ್ಣು ಮೊಳೆ ಮೇಲೆ, ಬ್ಲಾಕಿನ ಮೇಲೆ." ಬ್ಲಾಕನ್ನು ಅವಳ ಮುಂದೆ ಹಿಡಿದರು. "ನನ್ನ ಮಗಳ ಮುಖ ನನಗೆ ಗೊತ್ತಾಗಲ್ವೇನೇ?"

ಅವಳು ತಲೆ ತಗ್ಗಿಸಿದಳು.

"ಗುಡ್ಲಲ್ಲಿ ಕೂಸು ಹಿಡಿದು ಕೂರ್ಸಿದಾನಲ್ಲ ನಿನ್ನ... ಕೇಳಿ ಬರೆದ್ನಾ?"

"ಅವರಿಗೇ ಗೊತ್ತಿಲ್ಲಪ್ಪ."

"ನಿನಗೆ?"

ಅವಳು ಸುಳ್ಳು ಹೇಳಲಿಲ್ಲ. "ಗೊತ್ತಿತ್ತು."

ನಂದೀಶ್ವರಯ್ಯ ಬ್ಲಾಕನ್ನು ಮೇಜಿನ ಮೇಲೆ ಬೋರಲಾಗಿಟ್ಟು ಒಳಗೆ ಹೋದರು. ಅಂದು ಅವರು ಊಟ ಮಾಡಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಸರ್ವಮಂಗಳೆ ದೊಡ್ಡೇರಿಗೆ ಹೊರಟಳು.

ಹಟ್ಟಿಯ ಮುಂದೆ ಕುರಿ ಕಟ್ಟುತ್ತಿದ್ದ ಮುದುಕಿಯೊಬ್ಬಳು ಅವಳನ್ನು ಕಂಡು ಹಗ್ಗ ಕೈಬಿಟ್ಟಳು. ಹತ್ತಿರ ಬಂದು ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಓ... ನೀನೇನವ್ವಾ ಅದು! ಮಚ್ಚೆ ಮಾತ್ರ ಈ ಕಡೀಕೈತೆ."

ಆಕೆ ಭೀಮಕ್ಕ, ಮುದ್ದಪ್ಪನ ತಾಯಿ.

"ನಾನೇ ಅಂದೆ ಕಣಮ್ಮ. 'ಇದು ನನ್ನ ಕೆಂಚಿ ಅಲ್ಲ, ಯಾವ್ದೋ ಪ್ಯಾಟೆ ಹುಡುಗಿ ಕಣ್ಲಾ ಮುದ್ದ' ಅಂತ. ಅವತ್ತಿಂದ ಬಾಯೇ ಬುಟ್ಟಿಲ್ಲ. ಅಗಾ, ಅಲ್ಲವ್ನೆ. ನೋಡೋಗು."

ಹುಣಸೆ ಮರದ ಕೆಳಗೆ ಮುದ್ದಪ್ಪ ಕೂತಿದ್ದ. ಸುತ್ತ ಬ್ಲಾಕುಗಳು ಹರಡಿದ್ದವು. ಗುಡಿಸಲು ಇತ್ತು, ಮಳೆ ಇತ್ತು, ಕೂಸು ಇತ್ತು. ಕೆಂಚಮ್ಮನ ಮುಖವಿದ್ದ ಕಡೆಯೆಲ್ಲ ಛತ್ರಿ ಕಡ್ಡಿಯಿಂದ ಅಗೆದು ತೆಗೆದಿದ್ದ. ಒಂದನ್ನೂ ಬಿಟ್ಟಿರಲಿಲ್ಲ.

ಅವಳಿಗೆ ತನ್ನ ಮುಖವನ್ನೇ ಕಿತ್ತು ಎಸೆದಂತಾಯಿತು.

"ಅಷ್ಟು ಅಸಹ್ಯ ಆಯ್ತಾ ನನ್ನ ಮುಖ?"

ಅವನು ಬೆಚ್ಚಿ ಎದ್ದ. "ನೀವು... ನೀವ್ಯಾಕೆ ಬಂದ್ರಿ?"

"ಕೇಳಿದ್ದಕ್ಕೆ ಹೇಳಿ!"

"ಅಸಹ್ಯ ನಿಮ್ಮ ಮ್ಯಾಲಲ್ಲ!" ಅವನ ದನಿ ಒಡೆಯಿತು. "ನಮ್ಮಕ್ಕನ ಮುಖ ಮರ್ತೋಯ್ತು ಕಣ್ರೀ. ಎಲ್ಲ ಕಿತ್ತಾಕಿ ಮತ್ತೆ ಬರಿಯನ ಅಂತ ಕುಂತೆ. ಕಣ್ಣು ಮುಚ್ಚಿದ್ರೆ ನಿಮ್ಮ ಮುಖಾನೇ ಬತ್ತದೆ. ಬೇಲಿ ಈಚೆ ನಿಂತು ಒಂದು ಸಲ ಅವಳ್ನ ಸಾಯಿಸ್ದೆ. ನಿಮ್ಮುನ್ನ ಇಷ್ಟಪಟ್ಟು ಎರಡ್ನೇ ಸಲ..."

ಅವನು ಮಾತು ಮುಗಿಸಲಿಲ್ಲ. ಆದರೂ ಅವಳು ಕಾಯುತ್ತಿದ್ದ ಮಾತು ಅದರಲ್ಲಿತ್ತು. ಹೀಗೆ ಬರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ.

"ನನಗೆ ಮೊದಲ ಪ್ರೂಫಿನಲ್ಲೇ ಗೊತ್ತಿತ್ತು," ಎಂದಳು.

"ಏನು?"

"ಅದು ನಾನು ಅಂತ. ಹೇಳಲಿಲ್ಲ. ನೀವು ನೋಡ್ತಾ ಇರಲಿ ಅಂತ ಸುಮ್ನಿದ್ದೆ. ಅವತ್ತೇ ಹೇಳಿದ್ದಿದ್ರೆ ನಿಮಗೆ ಅಕ್ಕ ಉಳೀತಿದ್ರೇನೋ."

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

ಭೀಮಕ್ಕ ಮಜ್ಜಿಗೆ ಚೊಂಬು ಹಿಡಿದು ಬಂದವಳು ಒಂದು ಬ್ಲಾಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಮುಖ ಕಿತ್ತಾಕವ್ನೆ. ಕೈ ಅಂಗೇ ಬುಟ್ಟವ್ನೆ." ಕೊರೆದ ಗೆರೆಗಳ ಮೇಲೆ ಬೆರಳಾಡಿಸಿದಳು. "ಕೈ ಅವಳ್ದೇ ಕಣ್ಲಾ ಮುದ್ದ. ಅಂಗೇ, ಹೆಬ್ಬೆಟ್ಟು ಒಳಗೆ ಮಡಚ್ಕಂಡು ಕೂಸು ಹಿಡಿಯೋಳು. ಸಣ್ಣವನಾಗಿದ್ದಾಗ ನಿನ್ನೂ ಅಂಗೇ ಹಿಡಿಯೋಳು."

ಮುದ್ದಪ್ಪ ತಾಯಿಯ ಪಕ್ಕ ಕುಸಿದು ಕೂತ. ಗಂಡಸು ಅತ್ತರೆ ಚೆನ್ನಾಗಿ ಕಾಣುವುದಿಲ್ಲ. ಅವನು ಮೂಗು ಸೋರಿಸಿಕೊಂಡು ಅತ್ತ.

"ಹೀಗೇ ಅಚ್ಚು ಹಾಕೋಣ," ಎಂದಳು ಸರ್ವಮಂಗಳೆ. "ಮುಖ ಇಲ್ಲದೇನೇ."

"ಇರ್ಲಿ ಬುಡು," ಎಂದಳು ಭೀಮಕ್ಕ. "ಇಲ್ದಿದ್ರೆ ಇಲ್ಲ. ಬ್ಯಾರೆಯವರ್ದು ಬ್ಯಾಡ."

ಮಧುಗಿರಿಯಲ್ಲಿ ನಂದೀಶ್ವರಯ್ಯ ಅಚ್ಚುಮನೆಯ ಬಾಗಿಲಲ್ಲೇ ನಿಂತಿದ್ದರು. ಇಬ್ಬರೂ ಜೊತೆಯಾಗಿ ಬಂದದ್ದನ್ನು ನೋಡಿದರು. ಕೂಗಾಡಲಿಲ್ಲ.

"ಒಪ್ಪಿಕೊಂಡ ಕೆಲಸ. ಅಚ್ಚು ಹಾಕಿಕೊಡ್ತೀನಿ," ಎಂದರು. "ಬಂಡಲ್ ಹೊರಡೋ ದಿನ ನೀನೂ ಹೊರಡು, ಮಂಗಳ. ನಾಳೆ ಮಠದಲ್ಲಿ ಕೇಳಿದ್ರೆ ನಾನು ಏನು ಹೇಳ್ಲಿ?"

"ಅಪ್ಪ..."

"ಮೊಳೆ ಜೋಡಿಸು ಹೋಗು. ತಪ್ಪಿಲ್ಲದಂಗೆ ಜೋಡಿಸು."

ಬೋರಲಾಗಿಟ್ಟಿದ್ದ ಬ್ಲಾಕಿನ ಮುಖವನ್ನೂ ಮುದ್ದಪ್ಪ ಅಗೆದು ತೆಗೆದ. ಮೆಷಿನ್ನಿನ ಪೆಡಲನ್ನು ನಂದೀಶ್ವರಯ್ಯನವರೇ ತುಳಿದರು, ಮುನ್ನೂರು ಪ್ರತಿಗೂ. ಕೊನೆಯ ಬಂಡಲಿಗೆ ದಾರ ಕಟ್ಟಿ, ಗಂಟು ಬಿಗಿ ಇದೆಯೇ ಎಂದು ಎಳೆದು ನೋಡಿ, ಕೈ ತೊಳೆಯಲು ಹಿತ್ತಿಲಿಗೆ ಹೋದರು. ಮಗಳು ಹೊರಡುವವರೆಗೆ ಒಳಗೆ ಬರಲಿಲ್ಲ.

ಕೊರಟಗೆರೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರ ಮದುವೆಯಾಯಿತು. ಅಲ್ಲೇ ಒಂದು ಕೋಣೆ ಹಿಡಿದರು.

ಮೊದಲ ಮಾರಾಟ ಹೊಳವನಹಳ್ಳಿ ಸಂತೆಯಲ್ಲಿ. ಮುದ್ದಪ್ಪ ಹಳೇ ಟಾಕೀಸಿನ ಬಟ್ಟೆಯ ಮೇಲೆ ಚಿತ್ರಗಳನ್ನು ದೊಡ್ಡದಾಗಿ ಬರೆದು ಎರಡು ಬಿದಿರ ಗಳುವಿಗೆ ಕಟ್ಟಿದ್ದ. ಅವನು ಕೋಲಿನಿಂದ ಒಂದೊಂದೇ ತೋರಿಸಿದಂತೆ ಸರ್ವಮಂಗಳೆ ಗಟ್ಟಿಯಾಗಿ ಓದುತ್ತಿದ್ದಳು.

"ಏನ್ಲಾ, ಮೂತಿ ಬರೆಯಕ್ಕೆ ಬಣ್ಣ ಸಾಲ್ಲಿಲ್ವಾ?" ಎಂದು ಮೆಣಸಿನಕಾಯಿ ವ್ಯಾಪಾರಿಯೊಬ್ಬ ರೇಗಿಸಿದ.

"ಬಾಯಿ ಮುಚ್ಕಂಡು ನೋಡಪ್ಪ," ಎಂದಳು ಮುಂದೆ ಕೂತಿದ್ದ, ಹತ್ತಿರದ ಹಟ್ಟಿಯ ಪುಟ್ಟಕ್ಕ ಎನ್ನುವ ಹೆಂಗಸು. ತುಂಬು ಬಸುರಿ. ಕೊನೆಯ ಚಿತ್ರದವರೆಗೂ ಅವಳು ಕದಲಲಿಲ್ಲ. ಆಮೇಲೆ ಕೇಳಿದಳು: "ಇದನ್ನ ನಮ್ಮತ್ತೆಗೆ ತೋರಿಸ್ಬೌದಾ?"

"ತೋರಿಸವ್ವ."

"ಹೊಡೀತಾಳೆ."

ಆದರೂ ಒಂದು ಪ್ರತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಮುಂದಿನ ಸಂತೆಗೆ ಮುದ್ದಪ್ಪನ ಹಟ್ಟಿಯ ಹಿರಿಯರು ಬಂದರು. ಗಳು ಕಿತ್ತು ಬಟ್ಟೆ ಸುತ್ತಿ ಮುದ್ದಪ್ಪನ ಕೈಗೆ ಕೊಟ್ಟು, "ಇನ್ಮ್ಯಾಲೆ ಹಟ್ಟಿ ಕಡೆ ಕಾಲಿಡಬ್ಯಾಡ ಕಣಪ್ಪ" ಎಂದರು. ಮೆತ್ತಗೆ ಹೇಳಿದರು. ಹಾಗಾಗಿ ಜಗಳವಾಡಲೂ ಆಗಲಿಲ್ಲ.

ಅಂದು ಸಂಜೆ ಕೋಣೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ಮುದ್ದಪ್ಪನ ಕೈಯಲ್ಲಿ ಹೊಸ ಅಟ್ಟೆಯ ತುಂಡೊಂದಿತ್ತು. ಕೊರೆಯದೆ ಸುಮ್ಮನೆ ತಿರುಗಿಸುತ್ತಿದ್ದ.

"ಏನ್ರೀ, ಒಂದು ಮಾತು ಕೇಳ್ಲಾ?" ಎಂದ.

"ಇನ್ನೂ 'ಏನ್ರೀ' ಯಾಕೆ?"

"ಸರಿ... ಮಂಗಳ." ಆ ಹೆಸರು ಅವನ ಬಾಯಿಗೆ ಹೊಸದು. "ನಿನ್ನ ಮುಖ ಬರೀಲಾ?"

ಅವಳು ಅವನ ಕಡೆ ತಿರುಗಿ ಕೂತಳು.

"ಬರಿ. ಕೆಳಗೆ ನನ್ನ ಹೆಸರೇ ಹಾಕು. ಇನ್ಯಾರ ಜಾಗದಲ್ಲೂ ನನ್ನ ಕೂರಿಸಬೇಡ."

"ಇಲ್ಲ."

"ನಾನು ಅತ್ತುಬಿಟ್ರೆ?"

"ಅತ್ತಂಗೇ ಬರೀತೀನಿ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು. ಅವನು ಅಟ್ಟೆಯನ್ನು ಕೆಳಗಿಟ್ಟ.

ಹೋದದ್ದು ಇಷ್ಟು. ಸರ್ವಮಂಗಳೆಗೆ ಅಪ್ಪ. ಮುದ್ದಪ್ಪನಿಗೆ ಹಟ್ಟಿ. ಮುನ್ನೂರು ಪ್ರತಿಗಳಲ್ಲಿ ಇನ್ನೂರ ಹದಿನೆಂಟು ಗೆದ್ದಲಿಗೆ. ಆ ವರ್ಷದ ಹಿಂಗಾರಿನಲ್ಲಿ, ಬೇಲಿಯಾಚೆಯ ಗುಡಿಸಲುಗಳಲ್ಲಿ, ಇಬ್ಬರು ಬಾಣಂತಿಯರ, ಒಂದು ಕೂಸಿನ ಜೀವ.